ಟೊಮೆಟೊ, ಮೆಣಸಿನ ಬೀಜ: ಮನೆಯಲ್ಲಿಯೇ ಉಳಿಸಿಕೊಳ್ಳುವ ಕ್ರಮ

ಹೊಸೂರು, ತಾಳವಾಡಿಯ ಕಡೆ ‘ನಾಟಿ’ ಎನ್ನುವುದನ್ನೇ ಸೊಲ್ಲಾಪುರ, ಜತ್ತದ ಕನ್ನಡಿಗರು ‘ಜವಾರಿ’ ಎನ್ನುತ್ತಾರೆ. ಬೀಜಕ್ಕೆ ಬೇಕಾದುದು ಇಂತಹ ಗಿಡವೇ. ಇದರ ಸಂತತಿ ತಾಯಿಗಿಡವನ್ನು ಹೋಲುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ವಿಕಾಸ್’ ಟೊಮೆಟೊ ಬೀಜವನ್ನೂ ವರ್ಷವರ್ಷ ಉಳಿಸಿಕೊಳ್ಳಬಹುದು. ಅದೇ ಸಂಸ್ಥೆಯ ‘ಅರ್ಕಾ ರಕ್ಷಕ್’ ಸಂಕರ ತಳಿ. ಅದರ ಬೀಜ ಮೊಳೆಯುತ್ತದೆ, ಆದರೆ ಗಿಡಗಳು ಒಂದೊಂದು ಬಗೆಯಾಗುತ್ತವೆ. ಪೇಟೆಯ ಟೊಮೆಟೊ ಬಹುಪಾಲು ಸಂಕರವೇ ಆದುದರಿಂದ ಅದರ ಬೀಜವನ್ನು ನಾವು ನೆಚ್ಚುವುದಿಲ್ಲ.

ಟೊಮೆಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ರೋಗವಿಲ್ಲದ ಗಿಡದಲ್ಲಿ ಪೂರ್ಣ ಕಳಿತ ಹಣ್ಣನ್ನು ಆರಿಸಿ, ಬೀಜವನ್ನು ಲೋಳೆಯ ಸಮೇತ ಗಾಜಿನ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಬೆರೆಸಿ, ಎರಡು ಮೂರು ದಿನ ಹುಳಿಯಲು ಬಿಡಬೇಕು. ಮೊಳಕೆಯನ್ನು ತಡೆಯುವ ಲೋಳೆ ಹೀಗೆ ಕಳಚುತ್ತದೆ. ವಾಸನೆ ಬಂದರೆ ಗಾಬರಿ ಬೇಡ. ಇನ್ನೂ ಹೆಚ್ಚು ದಿನ ಬಿಟ್ಟರೆ ಮಾತ್ರ ಬೀಜ ಲೋಟದಲ್ಲಿಯೇ ಮೊಳೆತೀತು. ಬಳಿಕ ತೊಳೆದು, ತೇಲುವ ಜೊಳ್ಳನ್ನು ಚೆಲ್ಲಿ, ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ಕಾಗದಕ್ಕೆ ಬೀಜ ಅಂಟಿಕೊಳ್ಳುತ್ತದೆ.

ಮೆಣಸಿಗೆ ಹುಳಿಸುವ ಕೆಲಸವಿಲ್ಲ. ಗಿಡದಲ್ಲಿಯೇ ಕೆಂಪಾದ ಹಣ್ಣನ್ನು ಸೀಳಿ, ಬೀಜ ಬಿಡಿಸಿ ಒಣಗಿಸಿದರೆ ಸಾಕು. ಖಾರದ ಕೈಯನ್ನು ಮಕ್ಕಳು ಕಣ್ಣಿಗೆ ಮುಟ್ಟಿಸದಂತೆ ನೋಡಿಕೊಳ್ಳಬೇಕು. ತೊಡಕಿರುವುದು ಪರಾಗದಲ್ಲಿ. ಮೆಣಸಿನ ಹೂವಿಗೆ ಜೇನು ಮೊದಲಾದ ಕೀಟಗಳು ಬೇರೆ ಮೆಣಸಿನ ಪರಾಗವನ್ನು ತರುತ್ತವೆ. ಖಾರದ ಗಿಡದ ಬಳಿಯ ದೊಣ್ಣೆಮೆಣಸು ಈ ವರ್ಷ ಸಪ್ಪೆಯಾಗಿಯೇ ಇದ್ದರೂ, ಅದರ ಬೀಜದಿಂದ ಬಂದ ಗಿಡ ಖಾರದ ಕಾಯಿ ಬಿಡಬಹುದು. ಆದುದರಿಂದ ಅರಳುವ ಮುನ್ನವೇ ಒಂದು ಕೊಂಬೆಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕಾಯಿಗೆ ದಾರದ ಗುರುತು ಮಾಡಬೇಕು.

ಕಾಸರಗೋಡಿನಂತಹ ಮಳೆಯ ಸೀಮೆಯಲ್ಲಿ ತೇವವೇ ಶತ್ರು. ಬೇಸಿಗೆಯ ಹಣ್ಣಿನಿಂದಲೇ ಬೀಜ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಒಣ ಬೂದಿಯೊಡನೆ ಇಡುವುದು ಒಳಿತು. ತಳಿಯ ಹೆಸರು, ವರ್ಷ ಬರೆದಿರಬೇಕು. ಚೆನ್ನಾಗಿ ಒಣಗಿದ ಟೊಮೆಟೊ ಬೀಜ ನಾಲ್ಕು ವರ್ಷ, ಮೆಣಸಿನದು ಎರಡು ವರ್ಷ ಬಾಳುತ್ತದೆ.

ಬೀಜವನ್ನು ಉಳಿಸುವ, ಹಂಚುವ, ವಿನಿಮಯ ಮಾಡಿಕೊಳ್ಳುವ ರೈತರ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು ಮಾನ್ಯಮಾಡಿದೆ. ಕೇಂದ್ರದ ಕಾಯ್ದೆಯಾದುದರಿಂದ ನಾವು ಯಾವ ರಾಜ್ಯದಲ್ಲಿದ್ದರೂ ಇದು ಅನ್ವಯಿಸುತ್ತದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ.

ಹಂಚುವ ಮೊದಲು ಹತ್ತು ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಡಿ. ಟೊಮೆಟೊ ಒಂದು ವಾರದೊಳಗೆ, ಮೆಣಸು ಎರಡು ವಾರದೊಳಗೆ ಮೊಳೆಯಬೇಕು. ಏಳಕ್ಕಿಂತ ಕಡಿಮೆ ಮೊಳೆತರೆ ಒತ್ತಾಗಿ ಬಿತ್ತುವಂತೆ ಪೊಟ್ಟಣದ ಮೇಲೆ ಬರೆದುಕೊಡಿ.