ಕಡಲಿಗೆ ಮುಖಮಾಡಿದ ಕೋಟೆಗಳು: 1783–84ರ ಯುದ್ಧ ಮತ್ತು ಧರ್ಮಸಭೆಯ ನೆನಪು

ಮಲೆನಾಡಿನ ಗುರುಅಭ್ಯರ್ಥಿಗಳಿಗೆ ಧರ್ಮಸಭೆಯ ಚರಿತ್ರೆಯನ್ನು ಬೋಧಿಸುವಾಗ ಕರಾವಳಿಯ ಕೋಟೆಗಳಿಂದ ಆರಂಭಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಭದ್ರಾವತಿಗೆ ಕಡಲಿಲ್ಲ. ನಮ್ಮ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಪೂರ್ವದ ಕಡೆಗೆ ಹರಿದುಹೋಗುತ್ತಾಳೆ. ಆದರೆ ಕೆಳದಿ ಅರಸರ ಕಾಲದಲ್ಲಿ ಈ ಸೀಮೆಯ ಸಂಪತ್ತು ಹರಿದದ್ದು ಪಶ್ಚಿಮಕ್ಕೆ. ಕಾಳುಮೆಣಸಿನ ಹೇರು ಘಟ್ಟವಿಳಿದು ಬಂದರುಗಳನ್ನು ಸೇರುತ್ತಿತ್ತು. ಆದ್ದರಿಂದಲೇ ಇಂದು ಹೊಸನಗರ ತಾಲ್ಲೂಕಿನ ನಗರವೆನಿಸಿರುವ ಬಿದನೂರಿನಲ್ಲಿ ಕುಳಿತ ಅರಸರು ಕಡಲ ತೀರದಲ್ಲಿ ಕೋಟೆಗಳನ್ನು ಕಟ್ಟಿಸಿದರು. ಕಾಸರಗೋಡಿನ ಬೇಕಲ ಕೋಟೆ ಶಿವಪ್ಪ ನಾಯಕನ ಹೆಸರನ್ನು ಹೊತ್ತು ನಿಂತಿರುವುದು ಹೀಗೆ. ಕೋಟೆ ಕರಾವಳಿಯದು, ಅದನ್ನು ಕಟ್ಟಿಸಿದ ಆಜ್ಞೆ ನಮ್ಮ ಮಲೆನಾಡಿನದು.

ಕೋಟೆಯನ್ನು ಗ್ರಂಥದಂತೆ ಓದಲು ಕಲಿಯಬೇಕು. ಬೇಕಲದಲ್ಲಿ ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದದ್ದು ಕಡಲಿನ ಚೆಲುವನ್ನಲ್ಲ, ಮುರಕಲ್ಲಿನ ಗೋಡೆಯಲ್ಲಿರುವ ಗುಂಡುಗಂಡಿಗಳನ್ನು. ಮೇಲಿನ ಗಂಡಿ ದೂರದ ಶತ್ರುವಿಗಾಗಿ, ಕೆಳಗಿನದು ಸಮೀಪಿಸುತ್ತಿರುವವನಿಗಾಗಿ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೆ ಬಂದವನಿಗಾಗಿ. ದೂರಕ್ಕೆ ತಕ್ಕಂತೆ ಭಯವನ್ನು ಅಳೆದು ಕಲ್ಲಿನಲ್ಲಿ ಕೊರೆದಿರುವ ಗೋಡೆಯದು. ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ ಗಾತ್ರದಲ್ಲಿ ಚಿಕ್ಕದು, ಒಂದು ಕಾವಲು ಗೋಪುರದಷ್ಟೇ. ಗುರುಪುರ ನದಿಯೊಳಗೆ ಯುದ್ಧನೌಕೆಗಳು ನುಗ್ಗದಂತೆ ತಡೆಯಲು ಟಿಪ್ಪು ಸುಲ್ತಾನ್ 1784ರಲ್ಲಿ ಇದನ್ನು ಕಪ್ಪುಕಲ್ಲಿನಲ್ಲಿ ಕಟ್ಟಿಸಿದನು. ಅದರ ತಳದಲ್ಲಿ ಮದ್ದುಗುಂಡಿನ ಕೋಣೆಯಿದೆ. ಆ ಇಸವಿಯನ್ನು ಕರಾವಳಿಯ ಯಾವ ಕ್ರೈಸ್ತ ಕುಟುಂಬವೂ ಸುಲಭವಾಗಿ ಮರೆಯದು. ಬತ್ತೇರಿ ಕಟ್ಟಿದ ವರ್ಷವೇ ಸೆರೆವಾಸದ ವರ್ಷ.

ಹಿನ್ನೆಲೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. 1678ರಲ್ಲಿ ಕೆಳದಿಯವರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದವು ಮಂಗಳೂರಿನಲ್ಲಿ ವ್ಯಾಪಾರದ ಕೋಠಿಗೂ ಕರಾವಳಿಯ ಕೆಲವೆಡೆ ದೇವಾಲಯಗಳಿಗೂ ಅನುಮತಿ ನೀಡಿತು. 1680ರಲ್ಲಿ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಅವರು ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದರು. ಕೋಠಿಯೂ ದೇವಾಲಯವೂ ಒಂದೇ ಪತ್ರದಲ್ಲಿ ಬಂದದ್ದು ಆಗ ಯಾರಿಗೂ ಅಪಾಯವೆನಿಸಿರಲಾರದು. ನೂರು ವರ್ಷಗಳ ಬಳಿಕ ಯುದ್ಧ ಬಂದಾಗ ಮಾತ್ರ, ಪರದೇಶದ ಹಡಗಿನೊಂದಿಗೆ ಬಂದ ವಿಶ್ವಾಸವು ಪರದೇಶದ ಪಕ್ಷಪಾತವೆಂಬಂತೆ ಕಾಣತೊಡಗಿತು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಮಂಗಳೂರು ಅವನ ನೌಕಾನೆಲೆಯಾಯಿತು. ಅವನ ಮರಣದ ಬೆನ್ನಿಗೇ, 1783ರ ಆರಂಭದಲ್ಲಿ, ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಕರಾವಳಿಯಿಂದ ಹೊಸಂಗಡಿ ಘಟ್ಟವನ್ನೇರಿ ಬಂದನು. ಬಿದನೂರಿನ ಅಧಿಕಾರಿ ಅಯಾಜ್ ಯುದ್ಧವಿಲ್ಲದೆ ರಾಜಧಾನಿಯನ್ನು ಒಪ್ಪಿಸಿದನು. ಮಾರ್ಚ್‌ನಲ್ಲಿ ಮಂಗಳೂರು ಕೋಟೆಯೂ ಇಂಗ್ಲಿಷರ ವಶವಾಯಿತು. ಟಿಪ್ಪು ವಸಂತ ಮುಗಿಯುವುದರೊಳಗೆ ಬಿದನೂರನ್ನು ಮರಳಿ ಗೆದ್ದು, ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಹಸಿವು ಮತ್ತು ರೋಗಗಳಿಂದ ಬಸವಳಿದು 1784ರ ಜನವರಿ 30ರಂದು ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿಬಿತ್ತು.

ಈ ಎರಡು ದಿನಾಂಕಗಳ ನಡುವೆಯೇ ಕರಾವಳಿಯ ಕಥೋಲಿಕರನ್ನು ಬಂಧಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಮಿಲಾಗ್ರಿಸ್ ಸೇರಿದಂತೆ ಅನೇಕ ದೇವಾಲಯಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆ ಆಕರಗಳಲ್ಲಿ 30,000ದಿಂದ 80,000ದವರೆಗೆ ವ್ಯತ್ಯಾಸಗೊಳ್ಳುತ್ತದೆ. ಅವರ ಮೇಲಿನ ಆರೋಪ, ಇಂಗ್ಲಿಷರಿಗೆ ನೆರವಾದರೆಂಬುದು. ಕೆಲವರು ನೆರವಾಗಿರಬಹುದು. ಆದರೆ ರಾಜಧಾನಿಯ ಬಾಗಿಲನ್ನು ತೆರೆದವನು ಸುಲ್ತಾನನ ಸ್ವಂತ ಅಧಿಕಾರಿ. ದಂಡ ತೆತ್ತವರಲ್ಲಿ ಗದ್ದೆಯ ಒಕ್ಕಲುಗಳೂ ತಾಯಂದಿರೂ ಹಸುಗೂಸುಗಳೂ ಇದ್ದರು. ಕಡಲಿನತ್ತ ತೆರೆದಿದ್ದ ಗುಂಡುಗಂಡಿ ಊರಿನತ್ತ ತಿರುಗಿದ್ದು ಹೀಗೆ.

ದಿನಾಂಕದ ಕುರಿತು ಒಂದು ಮಾತು. ಬಂಧನವು 1784ರ ಫೆಬ್ರವರಿ 24ರಂದು, ವಿಭೂತಿ ಬುಧವಾರದಂದು ನಡೆಯಿತೆಂದು ಪುಸ್ತಕಗಳು ಸಾಮಾನ್ಯವಾಗಿ ಬರೆಯುತ್ತವೆ. ಆ ವರ್ಷದ ಪಾಸ್ಖ ಹಬ್ಬ ಏಪ್ರಿಲ್ 11. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ ಫೆಬ್ರವರಿ 25ಕ್ಕೆ ಬೀಳುತ್ತದೆ, 24 ಮಂಗಳವಾರ. ಒಂದು ದಿನದ ವ್ಯತ್ಯಾಸದಿಂದ ನೋವು ಕಡಿಮೆಯಾಗದು. ಆದರೆ ಜನರ ನೆನಪು ಅಂಟಿಕೊಂಡದ್ದು ತಿಂಗಳ ತಾರೀಖಿಗಲ್ಲ, ಆರಾಧನಾ ಪಂಚಾಂಗಕ್ಕೆ ಎಂಬುದನ್ನು ಈ ವ್ಯತ್ಯಾಸ ತಿಳಿಸುತ್ತದೆ. ಹಣೆಯ ವಿಭೂತಿಯ ಮೂಲಕ ಅವರು ತಮ್ಮ ಸಂಕಟವನ್ನು ಅರ್ಥಮಾಡಿಕೊಂಡರು. ಇದನ್ನು ಗ್ರಹಿಸದ ಚರಿತ್ರಕಾರನು ತಾರೀಖನ್ನು ತಿದ್ದಿಯಾನು, ಜನರನ್ನು ಅರಿಯಲಾರನು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಮ್ಮ ಚರಿತ್ರೆ ಅರ್ಧಸತ್ಯವಾಗುತ್ತದೆ. ಬಿದನೂರು ಶರಣಾದ ಕೆಲವೇ ವಾರಗಳಲ್ಲಿ ಮ್ಯಾಥ್ಯೂಸನ ಸೈನ್ಯ ನಮ್ಮದೇ ಜಿಲ್ಲೆಯ ಆನಂದಪುರದ ಕೋಟೆಗೆ ನುಗ್ಗಿ, ಅಲ್ಲಿನ ರಕ್ಷಣಾಪಡೆಯವರನ್ನು ಕತ್ತಿಗೆ ಆಹುತಿಕೊಟ್ಟಿತು. ಆ ಹತ್ಯೆಯ ಪ್ರಮಾಣದ ಬಗ್ಗೆ ಇಂಗ್ಲಿಷರಲ್ಲೇ ವಿವಾದವೆದ್ದಿತು. ಕೊಂದವರು ಕ್ರೈಸ್ತ ದೊರೆಯ ಧ್ವಜದಡಿಯಲ್ಲಿದ್ದರು. ಶ್ರೀರಂಗಪಟ್ಟಣದ ಸೆರೆಯನ್ನು ಪ್ರವಚನದಲ್ಲಿ ನೆನೆಯುವ ಗುರುವು ಆನಂದಪುರದ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇಲ್ಲವಾದರೆ ನಮ್ಮ ನೆನಪೇ ಇನ್ನೊಂದು ಕೋಟೆಯಾಗುತ್ತದೆ, ಅದರ ಗಂಡಿಗಳು ಇಂದಿನ ನೆರೆಯವರತ್ತ ತೆರೆದುಕೊಳ್ಳುತ್ತವೆ. ಹಾಗೆಂದು ಸೆರೆವಾಸವನ್ನು ಮುಚ್ಚಿಡುವುದೂ ಸಲ್ಲದು. ಸತ್ತವರಿಗೆ ಸತ್ಯ ಸಲ್ಲಬೇಕು. 2000ದ ಮಹಾಜೂಬಿಲಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಧರ್ಮಸಭೆಯ ಮುಂದಿಟ್ಟ ನೆನಪಿನ ಶುದ್ಧೀಕರಣವೆಂದರೆ ಮರೆವಲ್ಲ. ನಮ್ಮ ಗಾಯವನ್ನೂ ನಮ್ಮವರ ಹೆಸರಿನಲ್ಲಿ ಇತರರಿಗಾದ ಗಾಯವನ್ನೂ ದೇವರ ಸನ್ನಿಧಿಯಲ್ಲಿ ಒಟ್ಟಿಗೆ ಇಡುವುದು.

ಕೀರ್ತನೆಗಳು ದೇವರನ್ನು ಕೋಟೆಯೆಂದು ಕರೆಯುತ್ತವೆ. ದೇವರು ಕಾಯದ ನಗರವನ್ನು ಕಾವಲುಗಾರ ಕಾಯುವುದು ವ್ಯರ್ಥವೆಂದು ಎಚ್ಚರಿಸುವುದೂ ಅವೇ. ಗುರುಅಭ್ಯರ್ಥಿಗಳು ಈ ಎರಡನ್ನೂ ಬೇಕಲದ ಗೋಡೆಯ ಬಳಿ ಧ್ಯಾನಿಸಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಲ್ಲಿ ಉಳಿದಿದ್ದವರು ಬಿಡುಗಡೆ ಹೊಂದಿದರು. ಮರಳಿ ಬಂದವರು ಮೊದಲು ಕೋಟೆ ಕಟ್ಟಲಿಲ್ಲ. ಹಾಳುಬಿದ್ದ ಗದ್ದೆಗಳನ್ನು ಉತ್ತರು, ಹಳೆಯ ನೆರೆಯವರ ಪಕ್ಕದಲ್ಲೇ ಬದುಕಿದರು, 1811ರಲ್ಲಿ ಮಿಲಾಗ್ರಿಸ್ ದೇವಾಲಯವನ್ನು ಮತ್ತೆ ಎಬ್ಬಿಸಿದರು. ಇಂದು ಸುಲ್ತಾನ್ ಬತ್ತೇರಿಯ ಬುಡದಿಂದ ಹೊರಡುವ ದೋಣಿ ಎಲ್ಲ ಮತದವರನ್ನೂ ಆಚೆ ದಡದ ತಣ್ಣೀರುಬಾವಿಗೆ ಸೇರಿಸುತ್ತದೆ.