ತೊಡೆ ಮೇಲೆ ಕೂರದ ಲ್ಯಾಪ್‌ಟಾಪು

ಲ್ಯಾಪ್ ಅಂದ್ರೆ ತೊಡೆ. ಆದರೆ ಲ್ಯಾಪ್‌ಟಾಪುಗಳ ವಂಶದಲ್ಲೇ ಒಂದು ದೈತ್ಯ ಕವಲಿದೆ. ತೊಡೆ ಮೇಲೆ ಇಟ್ಕೊಂಡ್ರೆ ಅರ್ಧ ಗಂಟೆಗೆ ಕಾಲು ಜೋಮು ಹಿಡಿಯುತ್ತೆ, ಪ್ಯಾಂಟು ಬಿಸಿಯಾಗುತ್ತೆ. ಇದಕ್ಕೆ ಕಂಪನಿಗಳು ಇಟ್ಟ ಹೆಸರು ಡೆಸ್ಕ್‌ಟಾಪ್ ರಿಪ್ಲೇಸ್‌ಮೆಂಟ್. ಅಂದರೆ ಮೇಜಿನ ಮೇಲಿನ ಕಂಪ್ಯೂಟರನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುವ ಲ್ಯಾಪ್‌ಟಾಪು. ನಿಜಕ್ಕೂ ಎಬ್ಬಿಸಿತಾ?

ಕಥೆ ಶುರುವಾಗೋದು 1981ರ ಆಸ್‌ಬರ್ನ್ 1ರಿಂದ. ಅದರ ಮಾಲೀಕ ಆಡಂ ಆಸ್‌ಬರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ, 2003ರಲ್ಲಿ ತೀರಿಕೊಂಡದ್ದೂ ಅಲ್ಲೇ, ಕೊಡೈಕೆನಾಲ್‌ನಲ್ಲಿ. 1,795 ಡಾಲರಿನ ಆ ಪೆಟ್ಟಿಗೆ ಸುಮಾರು 11 ಕೆಜಿ ತೂಗುತ್ತಿತ್ತು. ಪರದೆ 5 ಇಂಚು, ಒಳಗೆ ಬ್ಯಾಟರಿ ಇಲ್ಲ. ದಾರಿಯಲ್ಲಿ ಬಳಸೋಕೆ ಅಲ್ಲ, ಒಂದು ಪ್ಲಗ್ಗಿನಿಂದ ಇನ್ನೊಂದು ಪ್ಲಗ್ಗಿಗೆ ಹೊತ್ಕೊಂಡು ಹೋಗೋಕೆ ಮಾಡಿದ್ದು. ದೈತ್ಯರ ವಂಶದ ಗುಣ ಆಗಲೇ ಬಂದಿತ್ತು.

ಈ ಗುಣ ಪೂರ್ತಿ ಬೆಳೆದದ್ದು 2003ರ ಸುಮಾರಿಗೆ. ಆಗಿನ ಎಚ್‌ಪಿ ಪೆವಿಲಿಯನ್ zಡಿ7000 ಒಳ್ಳೇ ಉದಾಹರಣೆ. 17 ಇಂಚಿನ ಪರದೆ, ಡೆಸ್ಕ್‌ಟಾಪಿನಂತೆ ಪಕ್ಕದಲ್ಲೇ ನಂಬರ್ ಪ್ಯಾಡ್ ಇರುವ ಕೀಬೋರ್ಡು, 4 ಕೆಜಿಗೂ ಮೀರಿದ ತೂಕ. ಒಳಗೆ 3.2 ಗಿಗಾಹರ್ಟ್ಸ್‌ವರೆಗಿನ ಪೆಂಟಿಯಂ 4. ಡೆಸ್ಕ್‌ಟಾಪಿಗೆಂದು ಮಾಡಿದ ಆ ಚಿಪ್ ಹೊರಹಾಕುವ ಬಿಸಿಯ ಲೆಕ್ಕ 82 ವ್ಯಾಟ್. ಉರಿಯುತ್ತಿರುವ 60 ವ್ಯಾಟಿನ ಹಳೇ ಬಲ್ಬನ್ನು ಮುಟ್ಟಿ ಕೈ ಸುಟ್ಕೊಂಡವರಿಗೆ ಇದರ ಅರ್ಥ ಗೊತ್ತು. ಆ ಬಿಸಿಗೆ ದಪ್ಪ ತಾಮ್ರ, ದೊಡ್ಡ ಫ್ಯಾನು, ಇಟ್ಟಿಗೆಯಂಥ ಅಡಾಪ್ಟರು ಬೇಕು. ತೂಕ ಬಂದದ್ದು ಪರದೆಯಿಂದ ಮಾತ್ರ ಅಲ್ಲ, ಬಿಸಿಯಿಂದಲೂ. ಇಷ್ಟಾಗಿಯೂ ಬಿಸಿ ಮಿತಿ ಮೀರಿದರೆ ಪೆಂಟಿಯಂ 4 ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ದುಡ್ಡು ಕೊಟ್ಟದ್ದು 3.2ಕ್ಕೆ, ಸಿಕ್ಕಿದ್ದು ಅದಕ್ಕಿಂತ ಕಮ್ಮಿ!

ಇಂಥ ಲ್ಯಾಪ್‌ಟಾಪುಗಳನ್ನು ಬೈಯುವವರು ಮೊದಲು ಹಿಡಿಯುತ್ತಿದ್ದದ್ದು ಬ್ಯಾಟರಿಯನ್ನು. ಒಂದೆರಡು ಗಂಟೆಗೇ ಖಾಲಿ ಅಂತ. ವಿಮಾನದಲ್ಲಿ ಕೂತು ಕೆಲಸ ಮಾಡುವವರ ಅಳತೆ ಅದು. ಲೋಡ್ ಶೆಡ್ಡಿಂಗ್ ಇರುವ ಊರಿನಿಂದ ಬಂದ ನನ್ನಂಥವರ ಕಣ್ಣಿಗೆ ಅದು ಬ್ಯಾಟರಿ ಅಲ್ಲ, ಒಳಗೇ ಇರುವ ಯುಪಿಎಸ್. ಕರೆಂಟ್ ಹೋದರೂ ಬರೆದಿದ್ದ ಕೋಡ್ ಉಳಿಯುತ್ತಿತ್ತು. ಆರು ತಿಂಗಳಿಗೊಮ್ಮೆ ರೂಮು ಬದಲಿಸುವ ಹುಡುಗರಿಗೆ ಮಾನಿಟರ್, ಸಿಪಿಯು, ಯುಪಿಎಸ್ ಮೂರನ್ನೂ ಆಟೋಗೆ ತುಂಬುವ ಬದಲು ಒಂದೇ ಬ್ಯಾಗು ಸಾಕಿತ್ತು. ಮನೆ ಬದಲಿಸಬಲ್ಲ ಡೆಸ್ಕ್‌ಟಾಪು ಅಂದುಕೊಂಡರೆ ಅದು ಕೆಟ್ಟ ವಿನ್ಯಾಸ ಏನಲ್ಲ.

ಡೆಸ್ಕ್‌ಟಾಪನ್ನು ನಿಜಕ್ಕೂ ಎಬ್ಬಿಸಿದ್ದು ಮಾತ್ರ ಬೇರೆಯದು. ಅದೇ 2003ರ ಮಾರ್ಚ್‌ನಲ್ಲಿ ಇಂಟೆಲ್‌ನ ಪೆಂಟಿಯಂ ಎಂ ಬಂತು. ಇಸ್ರೇಲಿನ ಹೈಫಾದ ತಂಡ ಲ್ಯಾಪ್‌ಟಾಪಿಗೆಂದೇ ಮಾಡಿದ್ದು. 1.6 ಗಿಗಾಹರ್ಟ್ಸ್, 24.5 ವ್ಯಾಟ್. ಸಂಖ್ಯೆ ನೋಡಿದರೆ ಬಡಪಾಯಿ. ಆದರೆ ಒಂದೊಂದು ಹರ್ಟ್ಸ್‌ನಲ್ಲೂ ಪೆಂಟಿಯಂ 4ಕ್ಕಿಂತ ಹೆಚ್ಚು ಕೆಲಸ ಮುಗಿಸುತ್ತಿತ್ತು. 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ ಕೈಬಿಟ್ಟಿತು. 2006ರಲ್ಲಿ ಹೈಫಾ ತಂಡದ ದಾರಿಯಲ್ಲೇ ಬೆಳೆದ ಕೋರ್ 2 ಡ್ಯುಯೊ ಡೆಸ್ಕ್‌ಟಾಪುಗಳ ಒಳಗೂ ಕೂತಿತು. ಡೆಸ್ಕ್‌ಟಾಪ್ ಚಿಪ್ಪನ್ನು ಲ್ಯಾಪ್‌ಟಾಪಿಗೆ ತುರುಕಲು ಹೊರಟವರು ನೋಡುತ್ತಿದ್ದಂತೆ, ಲ್ಯಾಪ್‌ಟಾಪಿನ ವಿನ್ಯಾಸವೇ ಡೆಸ್ಕ್‌ಟಾಪಿಗೆ ಹೋಯಿತು. 2008ರ ಮೂರನೇ ತ್ರೈಮಾಸಿಕದಲ್ಲಿ ಜಗತ್ತಿನಲ್ಲಿ ಮೊದಲ ಸಲ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪು ಹೆಚ್ಚು ಸರಬರಾಜಾಯಿತು ಅಂತ ಐಸಪ್ಲೈ ಸಂಸ್ಥೆ ಲೆಕ್ಕ ಕೊಟ್ಟಿತು.

ಹಾಗಂತ ದೈತ್ಯರು ಸಾಯಲಿಲ್ಲ. 2017ರಲ್ಲಿ ಏಸರ್ ಕಂಪನಿ ಪ್ರಿಡೇಟರ್ 21 ಎಕ್ಸ್ ತಂದಿತು: 21 ಇಂಚಿನ ಬಾಗಿದ ಪರದೆ, ಎರಡು ಗ್ರಾಫಿಕ್ಸ್ ಚಿಪ್, ಎರಡು ಅಡಾಪ್ಟರ್, 8 ಕೆಜಿಗೂ ಹೆಚ್ಚು ತೂಕ, ಬೆಲೆ 8,999 ಡಾಲರ್. ಆಸ್‌ಬರ್ನ್ ನೋಡಿದ್ದರೆ ತನ್ನ ಮೊಮ್ಮಗನನ್ನು ಥಟ್ಟನೆ ಗುರುತು ಹಿಡೀತಿದ್ದರು.

ಇವತ್ತು ಗೇಮಿಂಗ್‌ಗೋ ವಿಡಿಯೋ ಎಡಿಟಿಂಗ್‌ಗೋ ಒಂದು ದಪ್ಪ ಲ್ಯಾಪ್‌ಟಾಪ್ ತಗೋಬೇಕು ಅಂತಿದ್ದರೆ ಈ ಇತಿಹಾಸ ಕೆಲಸಕ್ಕೆ ಬರುತ್ತೆ. ಸ್ಟಿಕರ್ ಮೇಲಿನ ಗಿಗಾಹರ್ಟ್ಸ್ ಮೊದಲ ಐದು ನಿಮಿಷದ್ದು. ಚಿಪ್ಪಿಗೆ ಎಷ್ಟು ವ್ಯಾಟ್ ಹೋಗುತ್ತೆ, ಒಂದು ಗಂಟೆ ಸತತ ದುಡಿಸಿದ ಮೇಲೂ ಅದೇ ವೇಗ ಉಳಿಯುತ್ತಾ, ಅದನ್ನು ಕೇಳಿ. ಆಮೇಲೆ ನೀವು ಅದನ್ನು ನಿಜವಾಗಿ ಎಷ್ಟು ಸಲ ಹೊರುತ್ತೀರಿ ಅಂತ ಲೆಕ್ಕ ಹಾಕಿ. ವರ್ಷಕ್ಕೆ ಎರಡೇ ಸಲ ಅಂತಾದರೆ 4 ಕೆಜಿ ಏನೂ ಭಾರ ಅಲ್ಲ.