ಕೂನೂರಿನಿಂದ ಅಟ್ಲಾಂಟಾದವರೆಗೆ: ಹುಚ್ಚುನಾಯಿ ರೋಗದ ಲಸಿಕೆ ನಡೆದು ಬಂದ ದಾರಿ

ನಮ್ಮ ಹಿಂದಿನ ತಲೆಮಾರಿನವರಿಗೆ ನಾಯಿ ಕಡಿತವೆಂದರೆ ಥಟ್ಟನೆ ನೆನಪಾಗುವುದು ಹೊಕ್ಕಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಇಂಜೆಕ್ಷನ್. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾದರೋ ಆ ಭಯದ ಅರಿವೇ ಇಲ್ಲ. ನಾಯಿ ಅವರಿಗೆ ಮನೆಯ ಸದಸ್ಯ. ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ಪಶುವೈದ್ಯರು ಅದಕ್ಕೆ ಹಾಕುವ ರೇಬೀಸ್ ಲಸಿಕೆ ಒಂದು ಸಾಮಾನ್ಯ ವಿಧಿ. ಈ ನಿರ್ಭಯವು ತಾನಾಗಿ ಒದಗಿದ್ದಲ್ಲ. ಅದನ್ನು ಕಟ್ಟಿದ ಚರಿತ್ರೆಯ ಒಂದು ತುದಿ ನೀಲಗಿರಿಯಲ್ಲಿದ್ದರೆ, ಇನ್ನೊಂದು ತುದಿ ನಮ್ಮಲ್ಲಿ ಹಲವರು ನೆಲೆಸಿರುವ ಅಟ್ಲಾಂಟಾದಲ್ಲಿದೆ.

ಲೂಯಿ ಪಾಶ್ಚರ್ 1885ರಲ್ಲಿ ಪ್ಯಾರಿಸ್ಸಿನಲ್ಲಿ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ನೀಡಿದ ಮೇಲೆ, ಹುಚ್ಚುನಾಯಿ ಕಡಿದವರಿಗೂ ಬದುಕುವ ದಾರಿಯುಂಟೆಂಬ ನಂಬಿಕೆ ಜಗತ್ತಿನಲ್ಲಿ ಮೂಡಿತು. ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಆರಂಭವಾಯಿತು. ಆದರೆ ಮೈಸೂರು, ಮದರಾಸು ಸೀಮೆಗಳಲ್ಲಿ ಕಡಿತಕ್ಕೊಳಗಾದವರಿಗೆ ಕಸೌಲಿ ಎಟುಕದಷ್ಟು ದೂರ. ರೋಗವಂತೂ ಪ್ರಯಾಣಿಕರಿಗಾಗಿ ಕಾಯುವಂಥದ್ದಲ್ಲ. ಈ ಕೊರತೆಯನ್ನು ನೀಗಿದ್ದು 1907ರಲ್ಲಿ ಕೂನೂರಿನಲ್ಲಿ ತೆರೆದ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ. ಅದರ ಕಟ್ಟಡಕ್ಕೆ ನೆರವಾದ ಹಣ ಅಮೆರಿಕದ್ದು. ಉಕ್ಕಿನ ಉದ್ಯಮದಲ್ಲಿ ಆಂಡ್ರ್ಯೂ ಕಾರ್ನೆಗಿಯ ಪಾಲುದಾರರಾಗಿದ್ದ ಹೆನ್ರಿ ಫಿಪ್ಸ್, ವೈಸ್‌ರಾಯ್ ಕರ್ಜನ್ನರಿಗೆ ಒಪ್ಪಿಸಿದ ದೇಣಿಗೆಯ ಒಂದು ಭಾಗ ಇದಕ್ಕೆ ಸಂದಿತು.

ಹದಿನಾಲ್ಕು ಇಂಜೆಕ್ಷನ್ನುಗಳ ಮೂಲ ಕಸೌಲಿಯಲ್ಲಿದೆ. ಅಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ಪ್ರಾಣಿಯ ಮಿದುಳಿನ ಅಂಗಾಂಶದಲ್ಲಿ ವೈರಸ್ ಬೆಳೆಸಿ, ಅದನ್ನು ಕಾರ್ಬಾಲಿಕ್ ಆಮ್ಲದಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಿದರು. ಸುಲಭವಾಗಿ, ಅಗ್ಗವಾಗಿ ತಯಾರಿಸಬಹುದಾಗಿದ್ದ ಈ ಲಸಿಕೆ ಅಸಂಖ್ಯಾತ ಜೀವಗಳನ್ನು ಉಳಿಸಿತು. ಆದರೆ ಅದರಲ್ಲಿದ್ದ ಮಿದುಳಿನ ಅಂಶದಿಂದಲೇ ಕೆಲವರಿಗೆ ಪಾರ್ಶ್ವವಾಯುವಿನಂಥ ತೊಂದರೆಗಳೂ ಉಂಟಾದವು. ಕೋಶಕೃಷಿಯ ಸುರಕ್ಷಿತ ಲಸಿಕೆಗಳು ಬಂದು ದಶಕಗಳು ಕಳೆದ ಮೇಲೆ, 2005ರ ಹೊತ್ತಿಗೆ ಭಾರತ ಹಳೆಯ ಲಸಿಕೆಯನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಈಗ ತೋಳಿಗೆ ಹಾಕುವ ಕೆಲವೇ ಇಂಜೆಕ್ಷನ್ ಸಾಕು.

ಮನುಷ್ಯನಿಗೆ ಲಸಿಕೆ ಹಾಕುವುದು ಕಡಿತದ ನಂತರದ ಮಾತು. ಕಡಿತಕ್ಕೆ ಮೊದಲೇ ನಾಯಿಗೆ ಲಸಿಕೆ ಹಾಕಿದರೆ ರೋಗದ ಬೇರನ್ನೇ ಕಡಿದಂತೆ. ಈ ತಿಳಿವನ್ನು ಒಂದು ದೇಶದ ಉದ್ದಗಲಕ್ಕೂ ಕಾರ್ಯರೂಪಕ್ಕೆ ತಂದ ಕೀರ್ತಿಯಲ್ಲಿ ಅಟ್ಲಾಂಟಾಕ್ಕೆ ದೊಡ್ಡ ಪಾಲಿದೆ. ಇಂದು ಸಿಡಿಸಿ ಎನಿಸಿರುವ ಸಂಸ್ಥೆ ಅಲ್ಲಿ ಹುಟ್ಟಿದ್ದು 1946ರಲ್ಲಿ. ಮರುವರ್ಷವೇ ಜೇಮ್ಸ್ ಸ್ಟೀಲ್ ಎಂಬ ಪಶುವೈದ್ಯರು ಅಲ್ಲಿ ಪಶುವೈದ್ಯಕೀಯ ಸಾರ್ವಜನಿಕ ಆರೋಗ್ಯದ ವಿಭಾಗವನ್ನು ಕಟ್ಟಿದರು. 1948ರಲ್ಲಿ ಟೆನ್ನೆಸ್ಸಿಯ ಮೆಂಫಿಸ್ ನಗರದಲ್ಲಿ ರೇಬೀಸ್ ಹಬ್ಬಿದಾಗ, ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿ ಅದನ್ನು ಅಡಗಿಸಲಾಯಿತು. ಆ ಮಾದರಿ ಊರಿಂದೂರಿಗೆ ಹರಡಿತು. ಜೊತೆಗೆ ನಾಯಿ ಸಾಕುವವರಿಗೆ ಲೈಸೆನ್ಸ್, ಅಲೆಮಾರಿ ನಾಯಿಗಳ ನಿಯಂತ್ರಣ, ಲಸಿಕೆಯ ಕಾನೂನುಗಳೂ ಕೂಡಿದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ದೇಶದಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಜನ ರೇಬೀಸಿನಿಂದ ಸಾಯುತ್ತಿದ್ದರು. ಈಗ ಆ ಸಂಖ್ಯೆ ಬೆರಳೆಣಿಕೆಗೆ ಇಳಿದಿದೆ. ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ಅಮೆರಿಕದಲ್ಲಿ ಇಲ್ಲವಾಯಿತೆಂದು ಸಿಡಿಸಿ 2007ರಲ್ಲಿ ಸಾರಿತು.

ಹಾಗೆಂದು ರೋಗವೇ ಅಳಿಯಿತೆಂದು ತಿಳಿಯಬಾರದು. ಅದು ನಮ್ಮ ಹಿತ್ತಲಿನ ಕಾಡುಪ್ರಾಣಿಗಳಲ್ಲಿ ಬೀಡುಬಿಟ್ಟಿದೆ. ರಕೂನ್‌ಗಳ ರೇಬೀಸ್ ಫ್ಲಾರಿಡಾದಿಂದ ಹೊರಟು ಜಾರ್ಜಿಯಾ, ದಕ್ಷಿಣ ಕೆರೊಲಿನಾಗಳಿಗೆ ನಿಧಾನವಾಗಿ ಹಬ್ಬಿತು. ಬೇಟೆಗಾಗಿ ದಕ್ಷಿಣದಿಂದ ಸಾಗಿಸಿ ತಂದ ರಕೂನ್‌ಗಳ ಮೂಲಕವೇ ಅದು ಉತ್ತರಕ್ಕೂ ಜಿಗಿಯಿತೆಂದು ತಜ್ಞರು ತರ್ಕಿಸಿದ್ದಾರೆ. 1977ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಕಾಣಿಸಿಕೊಂಡು, 1980ರ ದಶಕದ ಆರಂಭದಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್, ವಾಷಿಂಗ್ಟನ್ ಡಿಸಿಗಳನ್ನು ವ್ಯಾಪಿಸಿತು. ಉತ್ತರದ ಮತ್ತು ದಕ್ಷಿಣದ ಈ ಎರಡು ಅಲೆಗಳು 1990ರ ದಶಕದಲ್ಲಿ ಉತ್ತರ ಕೆರೊಲಿನಾದಲ್ಲಿ ಒಂದಾದವು. ನಮ್ಮ ಸದಸ್ಯ ಕುಟುಂಬಗಳು ವಾಸಿಸುವ ಊರುಗಳನ್ನೇ ಈ ರೋಗವು ಪೋಣಿಸಿಕೊಂಡಂತಾಯಿತು! ರಕೂನ್ ಮಾದರಿಯ ವೈರಸ್ಸಿನಿಂದ ಮನುಷ್ಯನೊಬ್ಬ ಮೃತಪಟ್ಟ ಅಮೆರಿಕದ ಮೊದಲ ಪ್ರಕರಣ 2003ರಲ್ಲಿ ದಾಖಲಾದದ್ದು ಉತ್ತರ ವರ್ಜೀನಿಯಾದಲ್ಲಿ.

ಇಲ್ಲಿ ನಾವು ಬೆಕ್ಕನ್ನು ಮರೆಯುವಂತಿಲ್ಲ. ಈ ದೇಶದಲ್ಲಿ ಇಂದು ರೇಬೀಸ್ ಪತ್ತೆಯಾಗುವ ಸಾಕುಪ್ರಾಣಿಗಳಲ್ಲಿ ನಾಯಿಗಿಂತ ಬೆಕ್ಕಿನ ಸಂಖ್ಯೆಯೇ ಹೆಚ್ಚು. ನಾಯಿಗೆ ತಪ್ಪದೆ ಲಸಿಕೆ ಹಾಕಿಸುವವರೂ ಬೆಕ್ಕು ಮನೆಯೊಳಗೇ ಇರುತ್ತದಲ್ಲ ಎಂದು ಸುಮ್ಮನಿರುವುದುಂಟು. ಬಾಗಿಲು ತೆರೆದಾಗ ಬೆಕ್ಕು ಹೊರಗೆ ನುಸುಳಬಹುದು. ಅಟ್ಟದಿಂದ ಬಾವಲಿ ಒಳಗೆ ಬರಬಹುದು. ಮೇರಿಲ್ಯಾಂಡ್, ವರ್ಜೀನಿಯಾ, ಉತ್ತರ ಕೆರೊಲಿನಾಗಳ ಕಾನೂನು ನಾಲ್ಕು ತಿಂಗಳಾದ ನಾಯಿ, ಬೆಕ್ಕು ಎರಡಕ್ಕೂ ಲಸಿಕೆಯನ್ನು ಕಡ್ಡಾಯಗೊಳಿಸಿದೆ.

ತಾಯ್ನಾಡಿನ ಸ್ಥಿತಿ ಬೇರೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ಸಂಸ್ಥೆಯ ಡಾ. ಎಂ. ಕೆ. ಸುದರ್ಶನ್ ಮತ್ತು ಸಂಗಡಿಗರು 2003ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ಭಾರತದಲ್ಲಿ ವರ್ಷಕ್ಕೆ ಸುಮಾರು 20,000 ಜನ ರೇಬೀಸಿನಿಂದ ಸಾಯುತ್ತಾರೆಂದು ಅಂದಾಜಿಸಿತ್ತು. 2022-23ರ ಸಮೀಕ್ಷೆಯ ಅಂದಾಜು ಸುಮಾರು 5,700. ನಿಮ್ಹಾನ್ಸ್‌ನ ಪ್ರಯೋಗಾಲಯ ದಶಕಗಳಿಂದ ಈ ರೋಗದ ಪತ್ತೆಯಲ್ಲಿ ಹೆಸರಾಗಿದೆ. ಸಂಖ್ಯೆ ಇಳಿದಿರುವುದು ಸಮಾಧಾನದ ಸಂಗತಿಯಾದರೂ, ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಅಲ್ಲಿ ಉಳಿದಿರುವ ಪ್ರತಿಯೊಂದು ಸಾವೂ ತಡೆಯಬಹುದಾಗಿದ್ದ ಸಾವು.

ಬೇಸಿಗೆ ರಜೆಗೆ ಊರಿಗೆ ಹೊರಡುವ ಕುಟುಂಬಗಳಿಗೆ ಈ ಚರಿತ್ರೆಯ ಪಾಠ ಸ್ಪಷ್ಟ. ಇಲ್ಲಿ ನಾಯಿಯನ್ನು ಕಂಡೊಡನೆ ಕೈ ಚಾಚುವ ಮಗು ಅಲ್ಲಿಯೂ ಬೀದಿಯ ಮರಿಗೆ ಕೈ ಚಾಚುತ್ತದೆ. ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ಅಡಗಿಸದೆ ಹೇಳಬೇಕೆಂದು ಮಕ್ಕಳಿಗೆ ಮೊದಲೇ ತಿಳಿಸೋಣ. ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ಕೇಳಬೇಕು. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತುತ್ತ ಕೂರಬಾರದು. ಬಹುದಿನ ಹಳ್ಳಿಯಲ್ಲಿ ಉಳಿಯುವ ಮಕ್ಕಳಿಗೆ ಮುಂಜಾಗ್ರತೆಯ ಲಸಿಕೆ ಬೇಕೇ ಎಂಬುದನ್ನು ಹೊರಡುವ ಮೊದಲೇ ಮಕ್ಕಳ ವೈದ್ಯರಲ್ಲಿ ವಿಚಾರಿಸುವುದು ಒಳಿತು.

ಮುದ್ದಿನ ನಾಯಿಯನ್ನು ಊರಿಗೆ ಕರೆದೊಯ್ದು ಮರಳಿ ತರುವವರು, ಅಲ್ಲಿಂದ ಹೊಸದಾಗಿ ತರುವವರು ಸಿಡಿಸಿ 2024ರ ಆಗಸ್ಟ್‌ನಲ್ಲಿ ಜಾರಿಗೊಳಿಸಿದ ನಿಯಮಗಳನ್ನು ಟಿಕೆಟ್ ಕೊಳ್ಳುವ ಮೊದಲೇ ಓದಬೇಕು. ಭಾರತವು ಹೆಚ್ಚಿನ ಅಪಾಯದ ದೇಶಗಳ ಪಟ್ಟಿಯಲ್ಲಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಲಸಿಕೆಯ ದೃಢೀಕೃತ ಪತ್ರ ಇರಬೇಕು. ಅಮೆರಿಕದಲ್ಲೇ ಲಸಿಕೆ ಪಡೆದ ನಾಯಿಯ ಪತ್ರವನ್ನು ಇಲ್ಲಿಂದ ಹೊರಡುವ ಮುನ್ನವೇ ದೃಢೀಕರಿಸಿಕೊಳ್ಳಬೇಕು.

ಪಾಶ್ಚರ್ ನಿಧನರಾದ ಸೆಪ್ಟೆಂಬರ್ 28ನ್ನು ಜಗತ್ತು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತದೆ. ಅಂದು ನಾವೆಲ್ಲರೂ ಮಾಡಬಹುದಾದ ಕೆಲಸ ಒಂದಿದೆ: ಮನೆಯ ನಾಯಿ, ಬೆಕ್ಕುಗಳ ಲಸಿಕೆಯ ಪತ್ರ ತೆಗೆದು, ಮುಂದಿನ ದಿನಾಂಕ ಎಂದೆಂದು ನೋಡಿಕೊಳ್ಳುವುದು.